ಬಟ್ಟೆ ಕೋಣೆಯ ಪಾಳಿ

ಅಕ್ಕ ತೀರಿಹೋದ ಸುದ್ದಿ ಬಂದಾಗ ತಂಗಿ ವಾರ್ಡಿನಲ್ಲಿ ಮುದುಕರೊಬ್ಬರ ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಿದ್ದಳು. ಆಯಾ ಫೋನನ್ನು ಅವಳ ಕಿವಿಗೆ ಹಿಡಿದಳು. "ಬೆಳಿಗ್ಗೆ ಏಳಲೇ ಇಲ್ಲ ಕಣೇ ಪುಟ್ಟಿ" ಎಂದರು ಭಾವ. "ಸರಿ, ಬರ್ತೀನಿ" ಎಂದವಳು ಪಟ್ಟಿಯನ್ನು ಪೂರ್ತಿ ಅಂಟಿಸಿ, ಮುದುಕರನ್ನು ಮಗ್ಗುಲಿಗೆ ಹೊರಳಿಸಿ, ಆಮೇಲೆ ಹೊರಟಳು. ದಾರಿಯುದ್ದಕ್ಕೂ ಕಣ್ಣು ಒದ್ದೆಯಾಗಲಿಲ್ಲ. ಅದೇ ಅವಳಿಗೆ ಭಯ ಹುಟ್ಟಿಸಿತು.

ಆ ಭಯ ಹೊಸದೇನಲ್ಲ. ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ವಾರ್ಡು ಅದು. ಕೆಲವು ತಿಂಗಳಿಂದ ಅವಳ ಒಳಗೆ ಏನೋ ಬತ್ತಿಹೋಗಿತ್ತು. ಯಾರು ನರಳಿದರೂ ಕೈ ತನ್ನ ಕೆಲಸ ತಾನು ಮಾಡುತ್ತಿತ್ತು, ಮನಸ್ಸು ಮಿಸುಕುತ್ತಿರಲಿಲ್ಲ. ಕೆಲಸ ಬಿಡುವುದೆಂದು ನಿಶ್ಚಯಿಸಿದ್ದಳು. ಅದೇ ವಾರ್ಡನ್ನು ನಿವೃತ್ತಿಯವರೆಗೂ ನಡೆಸಿದ ಅಕ್ಕನ ಮುಂದೆ ಹೇಳಲು ಮಾತ್ರ ನಾಲಿಗೆ ಏಳಲಿಲ್ಲ.

ಅಕ್ಕನೆಂದರೆ ಸಾಮಾನ್ಯಳೇ? ಡಾಕ್ಟರುಗಳೇ ಬೆನ್ನ ಹಿಂದೆ ಅವಳನ್ನು 'ಪೊಲೀಸಮ್ಮ' ಎನ್ನುತ್ತಿದ್ದರು. ಆದರೆ ಯಾವ ನರ್ಸಾದರೂ ಕಲ್ಲಿನಂತಾಗಿರುವುದು ಕಂಡರೆ ಆಕೆ ಬೈಯುತ್ತಿರಲಿಲ್ಲ. ರೋಗಿಗಳಿಂದ ಬಿಡಿಸಿ ಬಟ್ಟೆ ಕೋಣೆಗೆ ಅಟ್ಟುತ್ತಿದ್ದಳು. ಅಲ್ಲಿ ಒಗೆದು ಬಂದ ಬಟ್ಟೆ ಮಡಿಸುವುದಷ್ಟೇ ಕೆಲಸ. "ಹೋಗೇ ಹುಡುಗಿ, ಬೆಡ್‌ಶೀಟಿಗೆ ನೋವಾಗಲ್ಲ, ಅದಕ್ಕೆ ನೀನು ಸಮಾಧಾನ ಹೇಳ್ಬೇಕಾಗಿಲ್ಲ. ಹೊಟ್ಟೆ ಚುರುಗುಟ್ಟೋ ತನಕ ಮಡಿಸು" ಎನ್ನುತ್ತಿದ್ದಳು. ಹೋದವರು ಕೆಲವು ದಿನಗಳಲ್ಲಿ ಮತ್ತೆ ಮನುಷ್ಯರಾಗಿ ಬರುತ್ತಿದ್ದರು. ತಂಗಿಗೆ ಮಾತ್ರ ಅಲ್ಲಿಗೆ ಹೋಗಲು ಬಿಗುಮಾನ. ಅಕ್ಕ ಒಂದು ದಿನವೂ ಹೋದವಳಲ್ಲವಲ್ಲ!

ಮನೆ ತಲುಪಿದವಳು ಮೊದಲು ಅಕ್ಕನ ಕುತ್ತಿಗೆಯ ನಾಡಿ ನೋಡಿದಳು. ದಿಂಬು ಸರಿಮಾಡಿದಳು. ಹೊದಿಕೆಯ ಅಂಚು ಎಳೆದು ನೇರಮಾಡಿದಳು. ಆಮೇಲೆ ಭಾವನ ಕಡೆ ತಿರುಗಿ ಮೆಲುದನಿಯಲ್ಲಿ, "ನಿಮ್ಮ ಕಡೆಯವರು ಯಾರಾದ್ರೂ ಬರ್ತಿದ್ದಾರಾ?" ಎಂದು ಕೇಳಿದಳು. ವಾರ್ಡಿನಲ್ಲಿ ಎಲ್ಲರನ್ನೂ ಕೇಳುವ ಮಾತು ಅದು.

ಭಾವ ಕಣ್ಣು ಬಿಟ್ಟುಕೊಂಡು ನೋಡಿದರು. "ನೀನೇ ಅಲ್ವೇನೇ ನಮ್ಮ ಕಡೆಯವಳು?"

ಅವಳಿಗೆ ನಾಚಿಕೆಯಾಯಿತು. "ಭಾವ, ನಂಗೆ ಅಳೂನೂ ಬರ್ತಿಲ್ಲ. ಕಲ್ಲಾಗ್ಬಿಟ್ಟಿದ್ದೀನಿ. ಅಕ್ಕನ ಥರ ಇರೋಕೆ ನನ್ನ ಕೈಲಿ ಆಗ್ಲಿಲ್ಲ."

"ಅಕ್ಕನ ಥರಾನಾ?" ಭಾವ ಆ ದುಃಖದಲ್ಲೂ ನಕ್ಕರು. "ನಿಮ್ಮಕ್ಕ ಕೆಲವು ದಿನ ಚಪ್ಪಲಿ ಬಿಟ್ಟೋಳೇ ಬೀರು ತೆಗೆದು, ಮಡಿಸಿಟ್ಟ ಬಟ್ಟೆಯೆಲ್ಲಾ ನೆಲಕ್ಕೆ ಎಳೆದು, ಮತ್ತೆ ಒಂದೊಂದೇ ಮಡಿಸೋಳು. 'ಏನೇ, ನನ್ನ ಅಂಗಿ ನಿಂಗೇನು ಅನ್ಯಾಯ ಮಾಡಿತ್ತು?' ಅಂದ್ರೆ, 'ಸುಮ್ನಿರ್ರೀ, ಇವತ್ತು ನಾನು ಯಾರಿಗೂ ಏನೂ ಅಲ್ಲ' ಅನ್ನೋಳು. ಮುಗಿಸಿ ಊಟ ಮಾಡೋಳು, ಬೆಳಿಗ್ಗೆ ಎದ್ದು ಡ್ಯೂಟಿಗೆ ಹೋಗೋಳು. ನಂಗಂತೂ ಅದರ ತಲೆಬುಡ ತಿಳೀಲಿಲ್ಲ."

ತಂಗಿಗೆ ತಿಳಿಯಿತು. ಬೆಟ್ಟದಂಥ ಆ ಹೆಂಗಸೂ ಬತ್ತುತ್ತಿದ್ದಳು. ಬತ್ತಿದ್ದೇನೆಂದು ತನಗೆ ತಾನೇ ಒಪ್ಪಿಕೊಂಡು ನೆಲದ ಮೇಲೆ ಕೂರುವಷ್ಟು ದೊಡ್ಡತನ ಅವಳಿಗಿತ್ತು. ಅಷ್ಟು ವರ್ಷ ಅಷ್ಟು ಜನರ ಕೈ ಹಿಡಿದು ಬೀಳ್ಕೊಟ್ಟ ಶಕ್ತಿ ಅಲ್ಲಿಂದ ಬಂದದ್ದು.

ಪಕ್ಕದ ಮನೆಯಾಕೆ ಬಿಸಿನೀರು ತಂದು, "ನೀವು ನರ್ಸು, ನಿಮಗೆ ರೂಢಿ ಇರುತ್ತೆ. ಮೈ ಒರೆಸೋದು ನೀವೇ ಮಾಡ್ತೀರಲ್ಲ?" ಎಂದರು.

"ಇವತ್ತು ನನ್ನ ಕೈಲಾಗಲ್ಲಮ್ಮ, ನೀವೇ ಮಾಡಿ" ಎಂದಳು. ಅಂಥ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ವಾರ್ಡಿಗೆ ಫೋನು ಮಾಡಿ, ಬಂದ ಮೇಲೆ ಕೆಲವು ದಿನ ತನ್ನನ್ನು ಬಟ್ಟೆ ಕೋಣೆಗೆ ಹಾಕಿ ಎಂದಳು. ಭಾವನ ಪಕ್ಕದಲ್ಲಿ ಬರಿಗೈಯಲ್ಲಿ ಕುಳಿತಳು. ಆಗ ಅಳು ಬಂತು, ತಡೆಯಲಿಲ್ಲ.

ಅಳು ಇಳಿದ ಮೇಲೆ ಕೈ ಜೋಡಿಸಿದಳು. ದೇವರೇ, ನಮ್ಮಕ್ಕ ದಣಿದು ನಿನ್ನ ಬಾಗಿಲಿಗೆ ಬಂದಿದ್ದಾಳೆ. ಯಾರ ನರಳಾಟವೂ ಅವಳ ಕಿವಿಗೆ ಬೀಳದಿರಲಿ, ಯಾರೂ ಅವಳನ್ನು ಕರೆದು ಎಬ್ಬಿಸದಿರಲಿ. ನಿನ್ನ ಮಡಿಲಲ್ಲಿ ಅವಳಿಗೆ ಶಾಂತಿ ಕೊಡು ತಂದೆ.