ಮುಚ್ಚಳ ಹಾಕಿದ ಪಿಯಾನೋ

ತಪ್ಪು ನನ್ನದೇ. ನ್ಯೂಯಾರ್ಕಿನ ನನ್ನ ಮನೆಯಲ್ಲಿದ್ದ ಹಳೇ ಪಿಯಾನೋ ಇರಬೇಕಾದ ಶ್ರುತಿಗಿಂತ ಕಾಲು ಸ್ವರ ಕೆಳಗಿತ್ತು. ಸರಿ ಮಾಡಿಸೋಣ, ನಾಳೆ ಮಾಡಿಸೋಣ ಅಂತ ಎರಡು ವರ್ಷ ತಳ್ಳಿದ್ದೆ. ನಮ್ಮ ಜಾಝ್ ತಂಡ ಅದರ ಸುತ್ತಲೇ ಅಭ್ಯಾಸ ಮಾಡಿತ್ತು. ಆರಿನ್ ತನ್ನ ಸಿತಾರಿನ ಶ್ರುತಿಯನ್ನೂ ಅದಕ್ಕೇ ಕೂಡಿಸಿಕೊಂಡಿದ್ದ.

ರೆಕಾರ್ಡಿಂಗ್ ದಿನ ಸ್ಟುಡಿಯೋದ ಪಿಯಾನೋ ಮೇಲೆ ಬೆರಳಿಟ್ಟ ಕೂಡಲೇ ಗೊತ್ತಾಯಿತು. ಹಾಳಾದ್ದು, ಅದು ಸರಿಯಾದ ಶ್ರುತಿಯಲ್ಲಿತ್ತು.

ರೆಕಾರ್ಡ್ ಕಂಪನಿಯ ಪ್ರೂಯಿಟ್ ಗಾಜಿನಾಚೆಯಿಂದ ಮೈಕಿನಲ್ಲಿ ಹೇಳಿದ: "ಇನ್ನು ಅರ್ಧ ಗಂಟೆ ಅಷ್ಟೇ. ಮೂರಕ್ಕೆ ಬೇರೆಯವ್ರು ಬರ್ತಾರೆ. ಸಿತಾರು ಆಗ್ಲಿಲ್ಲಾಂದ್ರೆ ಬಿಡಿ, ನಮ್ ಗಿಟಾರಿನವನು ಇದಾನೆ."

ಆರಿನ್ ಕಲ್ಕತ್ತೆಯಲ್ಲಿ ಮೂರು ವರ್ಷ ಗುರುವಿನ ಮನೆಯಲ್ಲಿದ್ದು ಸಿತಾರು, ತಬಲಾ ಎರಡನ್ನೂ ಕಲಿತು ಬಂದವನು. ನಮ್ಮನ್ನು ಬಿಟ್ಟರೆ ಯಾವ ತಂಡವೂ ಅವನನ್ನು ಸೇರಿಸಿಕೊಂಡಿರಲಿಲ್ಲ. ಇವತ್ತು ಕೈತಪ್ಪಿದರೆ ಅಪ್ಪನ ಬಣ್ಣದಂಗಡಿಗೆ ಹೋಗಿ ಕೂರುತ್ತೇನೆ ಎಂದಿದ್ದ. ಈಗ ಈ ಪಿಯಾನೋದ ಶ್ರುತಿಗೆ ಏರಿಸಲು ಹತ್ತೊಂಬತ್ತು ತಂತಿಗಳ ಬಿರಡೆಗಳನ್ನು ಒಂದೊಂದಾಗಿ ತಿರುಗಿಸುತ್ತಿದ್ದ.

"ಆ ಸೋರೆಬುರುಡೆ ಕಿವಿ ಹಿಂಡಿದ್ದು ಸಾಕು ಮಾರಾಯ!" ಸ್ಯಾಕ್ಸೊಫೋನ್ ಊದುವ ರೂಫಸ್, ನಮ್ಮ ತಂಡದ ಯಜಮಾನ, ಗದರಿದ.

"ಇನ್ನೊಂಚೂರು ರೂಫಸ್..."

ಟಣ್! ಮುಖ್ಯ ತಂತಿ ಹರಿದು ಅವನ ಕೆನ್ನೆಗೆ ಬಡಿಯಿತು. ಅವನ ಹತ್ತಿರ ಇನ್ನು ಉಳಿದದ್ದು ಒಂದೇ ತಂತಿ. ಅದನ್ನು ಹಾಕಿ ಮತ್ತೆ ಬಿರಡೆ ತಿರುಗಿಸತೊಡಗಿದ.

"ಏರಿಸ್ಬೇಡ್ವೋ!" ನಾನು ಕಿರುಚಿದೆ. "ಎಲ್ಲಾ ತಂತೀನೂ ಹಳೇ ಶ್ರುತಿಗೇ ಇಳಿಸು. ರೂಫಸ್, ನೀನು ಊದೋ ತುದೀನ ಸ್ವಲ್ಪ ಹೊರಗೆಳಿ, ಶ್ರುತಿ ಇಳಿಯತ್ತೆ. ಡೆಲ್ಮರ್, ನಿನ್ ಬಾಸ್ ತಂತಿ ಸಡಿಲ ಮಾಡು."

"ಮತ್ತೆ ಪಿಯಾನೋ? ಅದನ್ನೇನು ಜಗ್ಗಿ ಇಳಿಸ್ತೀಯಾ?" ರೂಫಸ್ ಕೇಳಿದ.

ನಾನು ಮುಚ್ಚಳ ಹಾಕಿದೆ. "ನಾನು ನುಡಿಸಲ್ಲ."

"ತಲೆ ಕೆಟ್ಟಿದೆಯೇನೇ ಹೇಜಲ್? ಈ ಹಾಡು ಕಟ್ಟಿದ್ದೇ ನೀನು!"

"ಗೊತ್ತು. ಊದು."

ಶುರು ಮಾಡಿದರು. ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ನಾನೊಬ್ಬಳೇ ನುಡಿಸಬೇಕಾದ ಜಾಗ ಬಂತು. ರೂಫಸ್ ನಿಲ್ಲಿಸಿದ, ಡೆಲ್ಮರ್ ನಿಲ್ಲಿಸಿದ. ಟೇಪು ಸುತ್ತುತ್ತಿತ್ತು, ಒಂದು ಸದ್ದಿಲ್ಲ. ಗಾಜಿನಾಚೆ ಪ್ರೂಯಿಟ್ ಎದ್ದು ನಿಂತ.

ಆಗ ಆರಿನ್ ನನ್ನತ್ತ ನೋಡಿ ನನ್ನ ಭಾಗವನ್ನು ಸಿತಾರಿನಲ್ಲಿ ನುಡಿಸಿದ, ಒಂದು ಸ್ವರವೂ ಬಿಡದೆ. ನಾನು ದಿನಾ ಎಡವುವ ಜಾಗದಲ್ಲಿ ತಾನೂ ಬೇಕೆಂದೇ ಎಡವಿದ.

ಪ್ರೂಯಿಟ್ ಮೆಲ್ಲಗೆ ಕೂತ. ನನಗೆ ಗೊಳೋ ಅಂತ ಅಳು ಬಂತು. ಅಳುವ ಹಾಗಿರಲಿಲ್ಲ, ರೆಕಾರ್ಡ್ ಆಗುತ್ತಿತ್ತಲ್ಲ.