ರೊಂಡೊ, ರೀಜೆಂಟ್ ಮತ್ತು ನನ್ನ ಮೂಗು

ನನ್ನ ಗಂಡ ಪುರಂದರ ಸ್ಟ್ರಾಟ್‌ಫರ್ಡಿನ ಒಂದು ಸಣ್ಣ ವೈನರಿಯಲ್ಲಿ ಕೆಂಪು ವೈನ್ ಬೆರೆಸುವವರು. ನಾನು ಗುಣವತಿ, ಹ್ಯಾರೋದ ಹೋಟೆಲೊಂದರ ಅಡುಗೆಮನೆಯಲ್ಲಿ ಬೆಳಗ್ಗೆ ಆರರಿಂದ ನಿಂತೇ ಇರುವವಳು. ಸಂಜೆ ಮನೆಗೆ ಬಂದರೆ ಕಾಲು ನನ್ನದೋ ಮತ್ತೊಬ್ಬರದೋ ಗೊತ್ತಾಗುವುದಿಲ್ಲ. ಅಂಥದ್ದರಲ್ಲಿ ಈ ಮಹಾರಾಯರು ಮಾರ್ಚ್ ತಿಂಗಳಿಡೀ ಕೆಮ್ಮಿನ ಔಷಧದ ಬಾಟಲಿಗಳಲ್ಲಿ ವೈನ್ ತಂದು ನನ್ನ ಮೂಗಿಗೆ ಹಿಡಿಯುತ್ತಿದ್ದರು.

“ಕುಡೀಬೇಡ ಮಾರಾಯ್ತಿ, ಮೂಸಿ ಹೇಳು ಸಾಕು. ಸುಮ್ಮನೆ, ತಮಾಷೆಗೆ.”

ಕುಡಿಯುವ ಪ್ರಶ್ನೆಯೇ ಇಲ್ಲ. ಅಪ್ಪ ಕುಂದಾಪುರದ ಹತ್ತಿರ ದೇವಸ್ಥಾನದಲ್ಲಿ ಅಡುಗೆಯವರು. ನೈವೇದ್ಯಕ್ಕೆ ಮುಂಚೆ ನಾಲಿಗೆಗೆ ಒಂದು ಹನಿ ಸೋಕಿಸುವ ಹಾಗಿಲ್ಲ. ಉಪ್ಪು ಹುಳಿ ಸರಿಯಿದೆಯೇ ಎಂದು ಹಬೆ ಮೂಸಿಯೇ ಹೇಳಬೇಕು. ಮೂಗು ಹೇಳಿದ್ದನ್ನು ಇದ್ದ ಹಾಗೇ ಹೇಳು, ಸುಳ್ಳು ಹೇಳಿದರೆ ದೇವರಿಗೆ ಹಳಸಿದ್ದು ಬಡಿಸಿದ ಹಾಗೆ ಎಂದು ಅಪ್ಪ ಗದರುತ್ತಿದ್ದರು. ನನಗೂ ಅದೇ ಅಭ್ಯಾಸ ಉಳಿದಿದೆ.

ಬಾಟಲಿಯಲ್ಲಿದ್ದದ್ದು ರೊಂಡೊ, ರೀಜೆಂಟ್ ಎಂಬ ಮಿಶ್ರತಳಿ ದ್ರಾಕ್ಷಿಗಳ ವೈನ್. ಈ ಇಂಗ್ಲಿಷರ ದೇಶದ ಚಳಿಯಲ್ಲೂ ಹಣ್ಣಾಗುತ್ತವಂತೆ, ಪಾಪ. ರೊಂಡೊಗೆ ನೇರಳೆಹಣ್ಣಿನ ವಾಸನೆ, ಸ್ವಲ್ಪ ಜೋರು. ರೀಜೆಂಟ್ ಮೆತ್ತಗಿನದು. ಯಾವುದು ಎಷ್ಟು ಎಂದು ತೀರ್ಮಾನಿಸುವುದೇ ಇವರ ಕೆಲಸ. ಹದಿನಾರು ವರ್ಷದಿಂದ ಅದನ್ನೇ ಮಾಡಿದವರು.

ಆ ವರ್ಷದ ವೈನ್ ಬೆರೆಸುವ ಹಿಂದಿನ ದಿನ ಬೇಳೆ ಒಲೆಯ ಮೇಲಿಟ್ಟು ಕೂತವಳಿಗೆ ನಿದ್ದೆ ಹತ್ತಿತು. ಎದ್ದಾಗ ತಳ ಕರಿಕಲು. ಕಿಟಕಿ ತೆರೆದೆ, ಪಾತ್ರೆಗೆ ಮುಚ್ಚಳ ಹಾಕಿದೆ. ಹೊಗೆ ಹೋಯಿತು, ಸೀದ ವಾಸನೆ ಮಾತ್ರ ಮನೆ ತುಂಬ ಹಾಗೇ ಇತ್ತು. ಅಷ್ಟರಲ್ಲಿ ಇವರು ಬಂದರು.

“ಆಹಾ, ಎಂಥ ಪರಿಮಳ ಮಾರಾಯ್ತಿ ನಿನ್ನ ಸಾರಿಂದು!”

ಗೇಲಿ ಮಾಡುತ್ತಿದ್ದಾರೆಂದು ಮೈ ಉರಿಯಿತು. ಮುಖ ನೋಡಿದೆ. ಗೇಲಿಯಲ್ಲ.

“ಹ್ವಾಯ್, ಯಾವಾಗಿಂದ?”

ಅವರು ಬೂಟಿನ ಲೇಸು ಬಿಚ್ಚುತ್ತಲೇ ಇದ್ದರು. “ದೀಪಾವಳಿಗೆ ಜ್ವರ ಬಂದಿತ್ತಲ್ಲ, ಅವತ್ತಿಂದ ವಾಸನೆ ಎಂತದೂ ಇಲ್ಲ. ಜಿಪಿ ಡಾಕ್ಟ್ರು ಕಾಯಿರಿ ಅಂದ್ರು. ಕಾಯ್ತಾ ಇದ್ದೇನೆ.”

“ನನ್ನತ್ರ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?”

“ಹೇಳಿದ್ರೆ ಕೆಲಸ ಹೋದ ಹಾಗೇ ಅಲ್ವಾ? ಬೇರೆ ಎಂತ ಗೊತ್ತುಂಟು ನಂಗೆ?”

ಐದು ತಿಂಗಳು ವಾಸನೆಯೇ ಇಲ್ಲದೆ ನನ್ನ ಅಡುಗೆ ಹೊಗಳಿದ್ದಾರೆ! ಚೆನ್ನಾಗಿ ಬೈಯಬೇಕೆಂದುಕೊಂಡೆ. ಬೈಯುವುದಕ್ಕೂ ತ್ರಾಣವಿರಲಿಲ್ಲ, ಅಳು ಬಂತು.

“ನಾಳೆ ಹೆಲೆನ್ ಹತ್ರ ಹೇಳಿಬಿಡಿ. ನಾನೂ ಬರ್ತೇನೆ. ಇಬ್ಬರ ಮೂಗಾಗಿ ಇರ್ಲಿಕ್ಕೆ ನನ್ನಿಂದ ಆಗುದಿಲ್ಲ.”

ವೈನರಿಯ ಒಡತಿ ಹೆಲೆನ್ ಪೂರ್ತಿ ಕೇಳಿಸಿಕೊಂಡಳು. ರೊಂಡೊ ಅರವತ್ತು, ರೀಜೆಂಟ್ ನಲವತ್ತು ಎಂದು ಬೆರೆಸಿದ, ಮನೆಯಲ್ಲಿ ಮೂಸಿ ನಾನು ಚೆನ್ನಾಗಿದೆ ಎಂದಿದ್ದ ಮಿಶ್ರಣವನ್ನು ಎರಡು ಸಲ ಮೂಸಿದಳು, ಗುಟುಕರಿಸಿದಳು. ಈ ವರ್ಷದ್ದು ಇದೇ ಇರಲಿ ಎಂದಳು. ಆಮೇಲೆ ಇವರ ಭುಜದ ಮೇಲೆ ಕೈಯಿಟ್ಟು, ಸೋಮವಾರದಿಂದ ಡೆಲಿವರಿ ವ್ಯಾನ್ ಓಡಿಸಬಹುದು, ಬೆರೆಸುವ ಕೆಲಸ ಇನ್ನು ಆಗದು ಎಂದಳು. ನನ್ನನ್ನು ವಾರಕ್ಕೆರಡು ದಿನ ಬರುತ್ತೀಯಾ ಎಂದು ಕೇಳಿದಳು. ಈ ಕಾಲಿಟ್ಟುಕೊಂಡು ಎಲ್ಲಿಗೆ ಬರಲಿ, ಬೇಡ ಎಂದೆ.

ಹೊರಡುವ ಮುಂಚೆ ಇವರು ಅಲ್ಲಿನ ಸಿಂಕಿನಲ್ಲಿ ಬಹಳ ಹೊತ್ತು ಸೋಪು ಹಾಕಿ ಕೈ ತಿಕ್ಕಿದರು. ನಾನು ಬಾಗಿಲಲ್ಲಿ ಕಾದೆ.

ಟ್ಯೂಬ್ ರೈಲಿನಲ್ಲಿ ಸೀಟು ಸಿಕ್ಕಿತು. ಕಣ್ಣು ಮುಚ್ಚಿದ್ದೆ. ವೆಂಬ್ಲಿ ಪಾರ್ಕ್ ದಾಟಿದ ಮೇಲೆ ಇವರು ಮೆಲ್ಲಗೆ ಎರಡೂ ಕೈಗಳನ್ನು ನನ್ನ ಮುಖದ ಹತ್ತಿರ ತಂದರು.

“ವಾಸನೆ ಇನ್ನೂ ಉಂಟಾ, ನೋಡು.”

ಮೂಸಿದೆ. ಬರೀ ಸೋಪು.

“ಉಂಟು,” ಎಂದೆ. “ರೊಂಡೊ. ನೇರಳೆಹಣ್ಣಿನ ಹಾಗೆ.”

ಮೂಗಿನ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಅವರು ಆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹ್ಯಾರೋ ಬರುವವರೆಗೂ ಏನನ್ನೂ ಮುಟ್ಟಲಿಲ್ಲ.