ಇಟ್ಟಿಲ್ಲ

ಕೌದಳ್ಳಿಯ ಮಾದೇಶ ಪದ ಕಟ್ಟಿ ಹೇಳುವುದು, ಕೊಳ್ಳೇಗಾಲದ ವ್ಯಾಪಾರಸ್ಥರ ಮನೆಯ ಶಾಂತಮೂರ್ತಿ ಕೀಬೋರ್ಡಿನಲ್ಲಿ ತಾಳ ಕೂಡಿಸುವುದು: ಹೀಗೆ ಇಬ್ಬರೂ ಸೇರಿ ೨೦೦೩ರಲ್ಲಿ ಒಂದು ರ‍್ಯಾಪ್ ಕ್ಯಾಸೆಟ್ ಮಾಡಿದರು. ರ‍್ಯಾಪ್ ಅಂದರೇನೆಂದು ಆ ಸೀಮೆಗೆ ಗೊತ್ತಿರಲಿಲ್ಲ. ಮಾದೇಶನಿಗೂ ಅಷ್ಟಕ್ಕಷ್ಟೇ. ಅವನಿಗೆ ಗೊತ್ತಿದ್ದುದು ಅವ್ವ ವೀರಮ್ಮನ ಬೈಗುಳ. ಆಕೆ ಉಸಿರು ಬಿಡದೆ ಬೈಯುತ್ತಿದ್ದಳು, ಪ್ರಾಸ ಮಾತ್ರ ತಪ್ಪುತ್ತಿರಲಿಲ್ಲ. ಪೋಲಿ ತಿರುಗಿ ಬಂದ ಮಗ ಊಟ ಕೇಳಿದರೆ, "ಅಟ್ಟೀಲಿ ಇಟ್ಟಿಲ್ಲ, ಅದ್ಕೇ ಇಟ್ಟಿಲ್ಲ" ಎನ್ನುವಳು. ಮನೆಯಲ್ಲಿ ಹಿಟ್ಟಿಲ್ಲ, ಅದಕ್ಕೇ ಉಣ್ಣಲು ಇಟ್ಟಿಲ್ಲ. ಹಕಾರವಿಲ್ಲದ ನಾಲಿಗೆಗೆ ಮಾತ್ರ ದಕ್ಕುವ ಮಾತು ಅದು.

ಮಾದೇಶ ಅದನ್ನೇ ಪಲ್ಲವಿ ಮಾಡಿಕೊಂಡ. ಮಗ ಯಾತಕ್ಕೂ ಬಾರದವನು ಎಂದು ಅವ್ವ ತೀರ್ಮಾನಿಸಿ ಬಹಳ ಕಾಲವಾಗಿತ್ತು. ಕ್ಯಾಸೆಟ್ಟಿನಲ್ಲಿ ತನ್ನ ದನಿಯನ್ನು ಆಕೆಗೆ ಕೇಳಿಸಿಬಿಡಬೇಕು, ಅದೊಂದೇ ಆಸೆ ಅವನಿಗೆ.

ಕ್ಯಾಸೆಟ್ ಬಂತು. ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಹಾಕಿಸಿ ಕೇಳಿದರೆ, ಪದ ಮಾದೇಶನದು, ಗಂಟಲು ಶಾಂತಮೂರ್ತಿಯದು. "ಹಟ್ಟಿಯಲ್ಲಿ ಹಿಟ್ಟಿಲ್ಲ, ಅದಕ್ಕೇ ಹಿಟ್ಟಿಲ್ಲ." ಬೇಕಾದಲ್ಲೂ ಬೇಡವಾದಲ್ಲೂ ಹಕಾರ ಮೆತ್ತಿ, ಪುಣ್ಯಾತ್ಮ ಮಾತಿನ ಕುತ್ತಿಗೆ ಹಿಚುಕಿದ್ದ.

ಶಾಂತಮೂರ್ತಿ ಅಲ್ಲೇ ನಿಂತಿದ್ದ. ಮಾದೇಶ ಕೇಳಿದ, "ನನ್ ದನಿ ಎಲ್ಲೋಯ್ತ್ಲಾ?"

"ಮೈಸೂರ್ನೋರು ನಗ್ತಾರೆ ಕಣ್ಲಾ, ನಿಂಗೆ ಅಕಾರ ಬರಾಕಿಲ್ಲ. ಅದ್ಕೇ ನಿಂದ್ ಅಳ್ಸಿ ನಾನೇ ಏಳ್ದೆ. ಕವರ್ ಮೇಲೆ ನಿನ್ನೆಸ್ರು ಆಕ್ಸಿವ್ನಲ್ಲ."

ಹಕಾರ ಎನ್ನಲು, ಹೆಸರು ಎನ್ನಲು ಅವನಿಗೂ ಬರುತ್ತಿರಲಿಲ್ಲ. ಮೈಕಿನ ಮುಂದೆ ಮಾತ್ರ ಪಂಡಿತ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ ಅನ್ನುವುದು ಸುಳ್ಳಲ್ಲ. ಆಮೇಲೆ ಆ ಕ್ಯಾಸೆಟ್ಟನ್ನು ಮೈಸೂರಿನವರೂ ಕೊಳ್ಳಲಿಲ್ಲ, ಕೊಳ್ಳೇಗಾಲದವರೂ ಕೊಳ್ಳಲಿಲ್ಲ. ರೆಕಾರ್ಡಿಂಗ್ ದಿನ ಮಾದೇಶನ ಬಾಯಲ್ಲೇ ಕೇಳಿದ್ದ ನಾಲ್ಕಾರು ಜನ, ಇಂಥದ್ದು ಇನ್ನೊಂದು ಬರಲಿಲ್ಲ ಎಂದು ಈಗಲೂ ಹೇಳುತ್ತಾರೆ. ಅವರ ಮಾತನ್ನು ಯಾರು ನಂಬಬೇಕು?

ಮಾದೇಶ ಜಗಳವಾಡಲಿಲ್ಲ. ಒಂದು ಕ್ಯಾಸೆಟ್ ತಕ್ಕೊಂಡು ಊರಿಗೆ ಬಂದ. ಅವ್ವ ಆಗಲೇ ಪಕ್ಕದ ಮನೆಯ ಟೇಪ್ ರೆಕಾರ್ಡರ್ ತಂದಿಟ್ಟುಕೊಂಡು ಕಾಯುತ್ತಿದ್ದಳು. ಹಾಕದೆ ವಿಧಿಯಿರಲಿಲ್ಲ.

ವೀರಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದಳು. ತನ್ನ ಮಾತೇ ತನಗೆ ಗುರುತು ಹತ್ತಲಿಲ್ಲ.

"ಯಾರ್ಲಾ ಮಗ ಇವ್ನು? ಎಷ್ಟ್ ನೆಟ್ಟಗ್ ಮಾತಾಡ್ತಾನೆ," ಎಂದಳು. "ನೀನೂ ಇಂಗೇ ಕಲ್ತಿದ್ರೆ, ನಿನ್ನೂ ಸೇರ್ಸ್ಕತಿದ್ರು."